ವೇಷವಾವುದು, ನಿಜವಾವುದು?

ಶರಣರು ಕಟುವಾಗಿ ಖಂಡಿಸಿದ ದೋಷಗಳಲ್ಲಿ ವೇಷಧಾರಣವೂ ಒಂದು. ವಿಭೂತಿಯನ್ನು ಧರಿಸಿ ವಂಚನೆ ಮಾಡುವವನು, ಕಾವಿಯನ್ನುಟ್ಟು ಧನವನ್ನು ಬಯಸುವವನು, ನುಡಿಯಲ್ಲಿ ಭಕ್ತಿಯನ್ನು ತುಂಬಿ ನಡೆಯಲ್ಲಿ ಅದನ್ನು ಬರಿದು ಮಾಡುವವನು, ಇಂಥವರನ್ನು ಕುರಿತು ಅವರು ಆಡಿದ ಮಾತುಗಳು ಎಂಟುನೂರು ವರ್ಷಗಳ ಮೇಲೆಯೂ ಚುಚ್ಚುತ್ತವೆ. ಆದರೆ ವೇಷವೆಂದರೆ ಏನು ಎಂಬ ಪ್ರಶ್ನೆಯನ್ನು ಭಕ್ತಜನರು ಆಳವಾಗಿ ವಿಚಾರಿಸುವುದು ವಿರಳ. ಮೈಮೇಲಿನ ಬಟ್ಟೆಯೇ ವೇಷವೆ? ಅಥವಾ ಒಳಗಿನದನ್ನು ಮುಚ್ಚಿಡುವ ಯಾವುದೇ ಹೊದಿಕೆಯೂ ವೇಷವೆ? ಹುಟ್ಟಿದಂದಿನಿಂದ ತೊಟ್ಟ ಬಟ್ಟೆಯೇ ಒಳಗಿನ ನಿಜಕ್ಕೆ ವಿರುದ್ಧವಾಗಿದ್ದರೆ, ಅದನ್ನು ತೊಟ್ಟಿರುವುದು ವೇಷವೋ, ಕಳಚುವುದು ವೇಷವೋ? ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಮರಿಯಮ್ಮನಹಳ್ಳಿಯ ಕಲಾವಿದೆ ಮಂಜಮ್ಮ ಜೋಗತಿಯವರ ಜೀವನವು ಇದನ್ನು ಪ್ರತಿಯೊಬ್ಬ ಗೃಹಸ್ಥನ ಹೊಸ್ತಿಲಿಗೆ ತಂದು ನಿಲ್ಲಿಸಿದೆ.

ಮುದಗಲ್ಲಿನಿಂದ ಲಿಂಗಸೂಗೂರು, ಮಸ್ಕಿ, ಸಿಂಧನೂರಿನವರೆಗಿನ ಸೀಮೆಯಲ್ಲಿ ಜೋಗತಿಯರನ್ನು ಕಾಣದ ಗೃಹಸ್ಥನಿಲ್ಲ. ಹುಲಿಗಿಯ ಕ್ಷೇತ್ರವೂ ಬಹಳ ದೂರವಲ್ಲ. ಕುಷ್ಟಗಿಯ ದಾರಿ ಹಿಡಿದು ತುಂಗಭದ್ರೆಯ ದಡಕ್ಕೆ ಹೋದರೆ ಹುಲಿಗೆಮ್ಮನ ಗುಡಿ. 1997ರಲ್ಲಿ ಕೊಪ್ಪಳ ಜಿಲ್ಲೆ ಪ್ರತ್ಯೇಕವಾಗುವವರೆಗೆ ಅದೂ ರಾಯಚೂರು ಜಿಲ್ಲೆಗೇ ಸೇರಿತ್ತು. ಮಂಗಳವಾರ, ಶುಕ್ರವಾರಗಳಲ್ಲಿ ತಲೆಯ ಮೇಲೆ ಜಗವನ್ನು ಹೊತ್ತು, ಕೈಯಲ್ಲಿ ಚೌಡಿಕೆ ಹಿಡಿದು, ಹಣೆತುಂಬ ಭಂಡಾರ ಬಳಿದುಕೊಂಡು ಜೋಗತಿ ಬಾಗಿಲಿಗೆ ಬಂದಾಗ ಮನೆಯಾಕೆ ಮೊರದಲ್ಲಿ ಜೋಳ ತಂದು ನೀಡುತ್ತಾಳೆ, ತಲೆಬಾಗಿ ಭಂಡಾರವನ್ನು ಹಚ್ಚಿಸಿಕೊಳ್ಳುತ್ತಾಳೆ. ಅದೇ ಜೋಗತಿ ಸಂಜೆಗೆ ಬಸ್ ನಿಲ್ದಾಣದಲ್ಲಿ ನಿಂತರೆ ಅದೇ ಮನೆಯ ತರುಣನು ಗೆಳೆಯರೊಡನೆ ಸಿಳ್ಳೆ ಹಾಕುತ್ತಾನೆ, ಕೈತಟ್ಟಿ ಅಣಕಿಸುತ್ತಾನೆ. ಬೆಳಗ್ಗೆ ಕೈಮುಗಿದದ್ದು ಯಾರಿಗೆ? ಸಂಜೆ ನಕ್ಕದ್ದು ಯಾರನ್ನು ನೋಡಿ? ಇಷ್ಟಲಿಂಗಧಾರಿಗಳ ಮನೆಯಲ್ಲಿ ಭಂಡಾರ ಹಚ್ಚಿಸಿಕೊಳ್ಳುವುದು ಸಾಧುವೆ ಎಂಬುದು ಬೇರೆ ವಿಚಾರ. ಅದು ಮುಂದೆ ಬರುತ್ತದೆ. ಸದ್ಯಕ್ಕೆ ಈ ಎರಡು ನಡೆಗಳ ನಡುವಿನ ಬಿರುಕನ್ನು ಗಮನಿಸಿದರೆ ಸಾಕು.

ಮಂಜಮ್ಮನವರು ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬ ಗ್ರಾಮದಲ್ಲಿ, ವೈಶ್ಯ ಮನೆತನದಲ್ಲಿ. ತಂದೆತಾಯಿಗಳು ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ ಹುಡುಗಿಯರ ಜೊತೆ ಕೂಡುವುದು, ಟವಲನ್ನು ಲಂಗದಂತೆ ಸುತ್ತಿಕೊಳ್ಳುವುದು, ಹೆಣ್ಣುಮಕ್ಕಳಂತೆ ನಡೆಯುವುದು ಅವರಿಗೆ ಯಾರೂ ಕಲಿಸದೆ ಬಂದಿತು. ಮನೆಯವರು ಹೆದರಿದರು. ಹೊಡೆತ ಬಿದ್ದಿತು, ವೈದ್ಯರಿಗೆ ತೋರಿಸಿದರು, ಪೂಜಾರಿಗಳನ್ನು ಕೇಳಿದರು. ಕಡೆಗೆ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಜೋಗತಿಯ ದೀಕ್ಷೆ ಕೊಡಿಸಿದರು. ಆ ದಿನ ಸೊಂಟದ ಉಡದಾರವನ್ನು ಹರಿದರು. ಗಂಡುಡುಗೆಯನ್ನು ತೆಗೆಸಿ ಲಂಗ, ಕುಪ್ಪಸ, ಬಳೆ ತೊಡಿಸಿದರು. ತಾಯಿಯು, ಇದ್ದ ಮಗ ಸತ್ತನೆಂಬಂತೆ ಅತ್ತರೆಂದು ಮಂಜಮ್ಮನವರು ಅನೇಕ ಸಭೆಗಳಲ್ಲಿ ಹೇಳಿದ್ದಾರೆ. ಉತ್ತರ ಕರ್ನಾಟಕದಲ್ಲಿ ಉಡದಾರವು ಗಂಡುತನದ ಗುರುತು. ಅದು ಹರಿದರೆ ವಂಶದ ಎಳೆಯೇ ಹರಿಯಿತೆಂದು ಜನರ ಭಾವನೆ. ಆ ತಾಯಿಯ ಅಳುವನ್ನು ಯಾರೂ ಲಘುವಾಗಿ ಕಾಣಬಾರದು. ಆದರೆ ಅತ್ತದ್ದು ಯಾರಿಗಾಗಿ? ಮಗು ಎದುರಿಗೇ ನಿಂತಿತ್ತು, ಉಸಿರಾಡುತ್ತಿತ್ತು. ಸತ್ತದ್ದು ಒಂದು ಹೆಸರು.

ಮುಂದಿನದು ದೀರ್ಘವಾದ ದುಃಖ. ಮನೆಯಲ್ಲಿ ಇರಲಾಗದೆ ವಿಷ ಕುಡಿದರು, ಬದುಕಿದರು. ಹತ್ತನೆಯ ತರಗತಿಯವರೆಗೆ ಓದಿದ್ದವರು ಸೀರೆಯುಟ್ಟು ಬೀದಿಯಲ್ಲಿ ಭಿಕ್ಷೆ ಬೇಡಿದರು. ಬೇಡಿ ಕೂಡಿಸಿದ ಹಣವನ್ನು ದುಷ್ಟರು ದೋಚಿದರು, ಮಾನಭಂಗ ಮಾಡಿದರು. ಇಡ್ಲಿ ಮಾರಿದರು, ಮಕ್ಕಳಿಗೆ ಮನೆಪಾಠ ಹೇಳಿದರು. ಮತ್ತೆ ಸಾವಿನ ವಿಚಾರ ಮನಸ್ಸಿಗೆ ಬಂದ ಕಾಲದಲ್ಲಿ ದಾವಣಗೆರೆಯ ಬಸ್ ನಿಲ್ದಾಣದ ಬಳಿ ಒಬ್ಬ ತಂದೆ ಹಾಡುತ್ತಿದ್ದುದನ್ನು, ಮಗನು ತಲೆಯ ಮೇಲೆ ಕೊಡವಿಟ್ಟುಕೊಂಡು ಕುಣಿಯುತ್ತಿದ್ದುದನ್ನು ಕಂಡರು. ಜೋಗತಿ ನೃತ್ಯದ ಆ ನೋಟವೇ ಅವರನ್ನು ಈ ಲೋಕದಲ್ಲಿ ಉಳಿಸಿತು. ಆ ವಿದ್ಯೆಯನ್ನು ಬೆನ್ನುಹತ್ತಿ ಹೋದ ಅವರು ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯವರ ಮೇಳವನ್ನು ಸೇರಿದರು. ಎಲ್ಲಮ್ಮನ ಕಥೆಯ ಆಟಗಳಲ್ಲಿ ಪಾತ್ರ ವಹಿಸಿದರು, ಊರೂರು ತಿರುಗಿದರು. ಕಾಳವ್ವನವರು ತೀರಿಕೊಂಡ ಮೇಲೆ ಮೇಳದ ಭಾರವೂ ಅವರ ಹೆಗಲಿಗೆ ಬಂದಿತು.

ಜೋಗತಿ ನೃತ್ಯವನ್ನು ಕಂಡವರಿಗೆ ಅದರ ಕಷ್ಟ ತಿಳಿದಿದೆ. ದೇವಿಯ ಮುಖವುಳ್ಳ ಹಿತ್ತಾಳೆಯ ಕೊಡ ತಲೆಯ ಮೇಲಿರುತ್ತದೆ. ಅದಕ್ಕೆ ಕೈ ತಾಗಿಸುವಂತಿಲ್ಲ. ಚೌಡಿಕೆಯ ತಂತಿಯ ನಾದಕ್ಕೆ ಕಾಲು ಕುಣಿಯುತ್ತದೆ, ಸೊಂಟ ಬಳುಕುತ್ತದೆ, ಮಂಡಿಯೂರಿ ನೆಲಕ್ಕೆ ಬಾಗಿದರೂ ಕೊಡ ಅಲುಗುವುದಿಲ್ಲ. ಮೈಯೆಲ್ಲ ಚಲಿಸಿದರೂ ನೆತ್ತಿಯೊಂದು ನಿಶ್ಚಲ. ಗುಡಿಯ ಅಂಗಳದಲ್ಲಿ, ಜೋಗತಿಯರ ನಡುವೆ ಮಾತ್ರ ಉಳಿದಿದ್ದ ಈ ಕುಣಿತವು ನಾಡಿನ ದೊಡ್ಡ ವೇದಿಕೆಗಳಿಗೆ ಬಂದುದರಲ್ಲಿ ಮಂಜಮ್ಮನವರ ಪಾಲು ಬಹಳ ದೊಡ್ಡದು. 2006ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಪ್ರಶಸ್ತಿ, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಅವರಿಗೆ ಸಂದವು. 2019ರಲ್ಲಿ ಅದೇ ಅಕಾಡೆಮಿಗೆ ಅವರು ಅಧ್ಯಕ್ಷರಾದರು. ಇಂದು ಲಿಂಗತ್ವ ಅಲ್ಪಸಂಖ್ಯಾತರೆಂದು ಕರೆಯಲ್ಪಡುವ ಸಮುದಾಯದಿಂದ ಆ ಪೀಠವನ್ನು ಏರಿದವರಲ್ಲಿ ಅವರೇ ಮೊದಲಿಗರು. 2021ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನು ನೀಡಿತು.

ಇಷ್ಟಾದ ಮೇಲೆ ಕೆಲವರು, "ಕಲಾವಿದೆಯೆಂದು ಗೌರವಿಸೋಣ, ಆದರೆ ಗಂಡಾಗಿ ಹುಟ್ಟಿ ಹೆಣ್ಣಿನ ವೇಷದಲ್ಲಿ ಬದುಕುವುದನ್ನು ಹೇಗೆ ಒಪ್ಪುವುದು?" ಎಂದು ಕೇಳುವುದುಂಟು. ವಿಚಾರದ ಗಂಟು ಇರುವುದು ಇಲ್ಲಿಯೇ.

ಗಂಡಸರು ಹೆಣ್ಣಿನ ವೇಷ ಹಾಕುವುದು ಈ ನಾಡಿಗೆ ಹೊಸತಲ್ಲ. ದೊಡ್ಡಾಟದ ಅಟ್ಟದ ಮೇಲೆ ರಾಣಿಯ ಪಾತ್ರವನ್ನು ಗಂಡಸರೇ ಮಾಡಿದರು. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888-1967) ಸೀರೆಯುಟ್ಟ ರೀತಿಯನ್ನು ಕಂಡು ದೊಡ್ಡ ಮನೆತನದ ಹೆಣ್ಣುಮಕ್ಕಳೇ ಅದನ್ನು ಅನುಕರಿಸಿದರು. 1964ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. ಬೆಳಗಾವಿ ಸೀಮೆಯ ಏಣಗಿ ಬಾಳಪ್ಪನವರು ತಾರುಣ್ಯದಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ, ಮುಂದೆ ಬಸವೇಶ್ವರರ ಪಾತ್ರದಿಂದ ಮನೆಮಾತಾದರು. ಅವರನ್ನು ಯಾರೂ ಹೀಯಾಳಿಸಲಿಲ್ಲ. ಏಕೆ? ಬಣ್ಣ ತೊಳೆದ ಮೇಲೆ ಅವರು ಗಂಡಸರಾಗಿ ಮನೆಗೆ ಹೋದರು. ಮಹಾಭಾರತದ ಬೃಹನ್ನಳೆಯ ಉದಾಹರಣೆಯನ್ನು ಕೊಟ್ಟು ಜೋಗಪ್ಪಗಳ ಪಕ್ಷ ವಹಿಸುವ ಸಜ್ಜನರೂ ಇದ್ದಾರೆ. ಅವರ ಮನಸ್ಸು ಒಳ್ಳೆಯದು, ಉದಾಹರಣೆ ಸರಿಯಲ್ಲ. ಅರ್ಜುನನದು ಒಂದು ವರ್ಷದ ಅಜ್ಞಾತವಾಸದ ವೇಷ. ಉತ್ತರೆಗೆ ನಾಟ್ಯ ಕಲಿಸಿ, ಅವಧಿ ಮುಗಿದೊಡನೆ ಅವನು ಗಾಂಡೀವವನ್ನು ಹಿಡಿದನು. ಲೋಕವು ಕಳಚಬಹುದಾದ ವೇಷಕ್ಕೆ ಚಪ್ಪಾಳೆ ತಟ್ಟುತ್ತದೆ. ಕಳಚಲಾಗದ ನಿಜವನ್ನು ವೇಷವೆಂದು ಹಳಿಯುತ್ತದೆ. ಒಳಗೆ ಇಲ್ಲದ್ದನ್ನು ಹೊರಗೆ ತೋರಿಸಿದವನು ಕಲಾವಿದ, ಒಳಗಿದ್ದುದನ್ನೇ ಹೊರಗೆ ತೋರಿಸಿದವಳು ವಂಚಕಿ! ಇದಕ್ಕಿಂತ ವಿಪರೀತವಾದ ನ್ಯಾಯ ಇನ್ನೇನಿದೆ?

ವೇಷವನ್ನು ಅಳೆಯಲು ಶರಣರು ಕೊಟ್ಟ ಕೋಲು ಒಂದೇ: ಅಂತರಂಗ ಬಹಿರಂಗಗಳ ಏಕತೆ. ಒಳಗೊಂದು ಹೊರಗೊಂದು ಇದ್ದರೆ ಅದು ವೇಷ. ಎರಡೂ ಒಂದಾದರೆ ಅದು ನಿಜ. ಈ ಕೋಲನ್ನು ಹಿಡಿದು ನೋಡಿದರೆ, ಕಲ್ಲುಕಂಬದ ಬಾಲಕನು ಅಂಗಿ ಚಡ್ಡಿ ತೊಟ್ಟು, ಗಂಡುಮಗನಂತೆ ನಡೆಯಲು ಹೊಡೆತ ತಿಂದ ದಿನಗಳೇ ವೇಷದ ದಿನಗಳು. ಅದೂ ಇತರರು ಬಲವಂತದಿಂದ ಹಾಕಿಸಿದ ವೇಷ. ಸೀರೆಯುಟ್ಟ ದಿನ ಆ ವೇಷ ಕಳಚಿತು. ಬೆಳಗ್ಗೆ ಕೈಮುಗಿದು ಸಂಜೆ ಸಿಳ್ಳೆ ಹಾಕುವ ತರುಣನನ್ನು ಇದೇ ಕೋಲಿನಿಂದ ಅಳೆದರೆ ಏನು ಕಾಣುವುದೆಂಬುದನ್ನು ವಾಚಕರೇ ಊಹಿಸಬಲ್ಲರು.

ಕೃಷ್ಣೆಯ ಆಚೆಯ ಸುರಪುರ ಸೀಮೆಯ ಮುದನೂರು ಮುದಗಲ್ಲಿನವರಿಗೆ ಅಪರಿಚಿತವಲ್ಲ. ಅಲ್ಲಿ ನೇಯ್ಗೆಯ ಕಾಯಕ ಮಾಡಿಕೊಂಡಿದ್ದ ಜೇಡರ ದಾಸಿಮಯ್ಯನವರು ರಾಮನಾಥನನ್ನು ಸಂಬೋಧಿಸಿ ಹೇಳಿದ ಒಂದು ವಚನದ ಭಾವ ಸರ್ವವಿದಿತ. ದೇಹದಲ್ಲಿ ಕಾಣುವ ಗುರುತುಗಳನ್ನು ಹಿಡಿದು ಲೋಕವು ಇದು ಹೆಣ್ಣು, ಇದು ಗಂಡು ಎಂದು ಕರೆಯುತ್ತದೆ. ಒಳಗೆ ಸುಳಿದಾಡುವ ಆತ್ಮಕ್ಕೆ ಆ ಎರಡು ಹೆಸರುಗಳಲ್ಲಿ ಒಂದೂ ಅಂಟುವುದಿಲ್ಲ ಎಂಬುದು ಅದರ ಸಾರ. ಧೂಪದ ಕಾಯಕದ ಗೊಗ್ಗವ್ವೆಯವರೂ ಇದೇ ವಿಚಾರವನ್ನು ತಮ್ಮ ವಚನದಲ್ಲಿ ಎತ್ತಿದ್ದಾರೆ. ಬಸವಣ್ಣನವರು ಕೂಡಲಸಂಗಮದೇವನ ಮುಂದೆ, ತಾವು ಒಮ್ಮೆ ಗಂಡೂ ಒಮ್ಮೆ ಹೆಣ್ಣೂ ಆಗುವುದಾಗಿ ಸಂಕೋಚವಿಲ್ಲದೆ ಹೇಳಿಕೊಂಡರು. ಇನ್ನು ಶರಣಸತಿ ಲಿಂಗಪತಿ ಎಂಬ ಸಿದ್ಧಾಂತವನ್ನು ಕೇಳದ ಭಕ್ತನೇ ಇಲ್ಲ. ಮೀಸೆ ಹೊತ್ತ ಹಿರಿಯರು ಪುರಾಣದ ಸಭೆಯಲ್ಲಿ ಕುಳಿತು, ಲಿಂಗದ ಮುಂದೆ ಎಲ್ಲ ಜೀವರೂ ಸತಿಯರೇ ಎಂದು ಕೇಳಿ ತಲೆದೂಗುತ್ತಾರೆ. ಸಭೆ ಮುಗಿಸಿ ಹೊರಗೆ ಬಂದಾಗ ದಾರಿಯಲ್ಲಿ ಜೋಗಪ್ಪನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಸಿದ್ಧಾಂತವು ಮಂಟಪದ ಕಂಬದವರೆಗೆ ಬಂದು ಅಲ್ಲಿಯೇ ನಿಂತುಬಿಡಬೇಕೆ?

ಆಧ್ಯಾತ್ಮಿಕ ಭಾವವನ್ನು ದೇಹದ ವಿಷಯಕ್ಕೆ ಎಳೆಯುವುದು ಯುಕ್ತವಲ್ಲ, ದಾಸಿಮಯ್ಯನವರು ಹೇಳಿದ್ದು ಆತ್ಮನ ಮಾತು, ಜೋಗತಿಯರ ಮಾತಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಥ್ಯವಿದೆ. ದಾಸಿಮಯ್ಯನವರು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರೆಂದು ಸಾಧಿಸುವುದು ಅನುಚಿತ. ಆದರೆ ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಒಪ್ಪಿದ ಮೇಲೆ, ದೇಹದ ಗುರುತಿಗಾಗಿ ಒಂದು ಜೀವವನ್ನು ಹೊಡೆದು ಬಡಿದು ಹೊರಗೆ ಹಾಕುವುದಕ್ಕೆ ಯಾವ ಆಧಾರ ಉಳಿಯಿತು? ಮಂಜಮ್ಮನವರ ಆತ್ಮಕಥನವನ್ನು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ್ದಾರೆ; ಅದರ ಹೆಸರು 'ನಡುವೆ ಸುಳಿವ ಹೆಣ್ಣು'. ದಾಸಿಮಯ್ಯನವರ ವಚನವನ್ನು ಬಲ್ಲವರಿಗೆ ಆ ಹೆಸರಿನ ಮೂಲ ಎಲ್ಲಿಯದೆಂದು ಹೇಳಬೇಕಾಗಿಲ್ಲ. ಪಂಡಿತರು ಚರ್ಚಿಸುತ್ತಿರುವಾಗಲೇ ಬೀದಿಯಲ್ಲಿ ನಿಂತಿದ್ದವರು ವಚನವನ್ನು ತಮ್ಮದೆಂದು ಎತ್ತಿಕೊಂಡಿದ್ದಾರೆ.

ಪ್ರಸಂಗವಶಾತ್ ವ್ಯಾಕರಣದ ಒಂದು ಮಾತು. ಗಂಡು ಹೆಣ್ಣುಗಳ ಆಚೆಗೆ ಮತ್ತೊಂದುಂಟೆಂಬುದು ಪರದೇಶದಿಂದ ಬಂದ ವಿಚಾರವೆಂದು ಹೇಳುವವರು ಕೇಶಿರಾಜನನ್ನು ತೆರೆದು ನೋಡಿದರೆ ಒಳಿತು. ಶಬ್ದಮಣಿದರ್ಪಣದಲ್ಲಿ ಅವನು ಎಣಿಸಿದ ಲಿಂಗಗಳು ಒಂಬತ್ತು. ಸಂಸ್ಕೃತದಲ್ಲಿ ಹೆಂಡತಿ ಎಂಬ ಒಂದೇ ಅರ್ಥಕ್ಕೆ ಭಾರ್ಯಾ ಎಂಬುದು ಸ್ತ್ರೀಲಿಂಗ, ದಾರ ಎಂಬುದು ಪುಲ್ಲಿಂಗ, ಕಲತ್ರ ಎಂಬುದು ನಪುಂಸಕಲಿಂಗ. ಶಬ್ದದ ಲಿಂಗವೂ ದೇಹದ ಲಿಂಗವೂ ಒಂದೇ ಅಲ್ಲವೆಂಬುದು ನಿಜ. ಆದರೂ ಪ್ರಾಚೀನರ ಬುದ್ಧಿಯು ಎರಡೇ ಮನೆಗಳೊಳಗೆ ಲೋಕವನ್ನೆಲ್ಲ ತುರುಕಲು ಹೋಗಲಿಲ್ಲ. ಕನ್ನಡವಂತೂ ಇನ್ನೂ ಉದಾರ: 'ಅವರು' ಎಂದರೆ ಸಾಕು, ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಗೌರವವೂ ಸಲ್ಲುತ್ತದೆ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಮುಂದೆ ನಿಂತು ಕೈಮುಗಿದ ಭಕ್ತನಿಗೆ ಈ ಒಂದು ಸರ್ವನಾಮ ಭಾರವಾಗಲಾರದು.

ಈಗ ನಗೆಯ ವಿಚಾರ. ಮಂಜಮ್ಮನವರ ಮಾತನ್ನು ಸಭೆಗಳಲ್ಲಿ ಕೇಳಿದವರಿಗೆ ಗೊತ್ತು: ತಾವು ಪಟ್ಟ ಪಾಡನ್ನು ಹೇಳುವಾಗಲೂ ಅವರು ಕೇಳುಗರನ್ನು ನಗಿಸುತ್ತಾರೆ, ನಕ್ಕವರ ಕಣ್ಣು ಮರುಗಳಿಗೆಯಲ್ಲಿ ಒದ್ದೆಯಾಗುತ್ತದೆ. ಶರಣಸಮೂಹದಲ್ಲಿ ನಗಿಸುವುದನ್ನೇ ಕಾಯಕವಾಗಿ ಕೈಕೊಂಡವರು ಇದ್ದರು. ಆತುರವೈರಿ ಮಾರೇಶ್ವರ ಎಂಬ ಅಂಕಿತದಲ್ಲಿ ವಚನ ರಚಿಸಿದ ನಗೆಯ ಮಾರಿತಂದೆಗಳ ಹೆಸರೇ ಅದನ್ನು ಸಾರುತ್ತದೆ. ರೇಕಣ್ಣಪ್ರಿಯ ನಾಗಿನಾಥನ ಭಕ್ತರಾದ ಬಹುರೂಪಿ ಚೌಡಯ್ಯನವರು ನಾನಾ ವೇಷಗಳನ್ನು ಹಾಕಿ ಆಡಿ ತೋರಿಸುವ ಕಾಯಕದವರು. ವೇಷಧಾರಿಗಳನ್ನು ಅಷ್ಟು ಕಠಿಣವಾಗಿ ಖಂಡಿಸಿದ ಶರಣರೇ ಬಹುರೂಪಿಯನ್ನು ತಮ್ಮ ನಡುವೆ ಕುಳ್ಳಿರಿಸಿಕೊಂಡರೆಂಬುದು ಯೋಚಿಸಬೇಕಾದ ಸಂಗತಿ. ಅವರಿಗೆ ವೇಷಕ್ಕೂ ವಂಚನೆಗೂ ಇರುವ ಅಂತರ ಸ್ಪಷ್ಟವಾಗಿತ್ತು. ನಗೆಗೂ ಅಪಹಾಸ್ಯಕ್ಕೂ ಇರುವ ಅಂತರವೂ ಅಷ್ಟೇ ಸ್ಪಷ್ಟವಾಗಿದ್ದಿರಬೇಕು. ನಗಿಸುವವರು ತಮ್ಮಲ್ಲಿರುವುದನ್ನು ಕೊಡುತ್ತಾರೆ, ಅದಕ್ಕೆ ದಾಸೋಹದ ಗುಣವಿದೆ. ಅಪಹಾಸ್ಯ ಮಾಡುವವನು ಎದುರಿನವರ ಮಾನವನ್ನು ಕಸಿದುಕೊಂಡು ಅದರಿಂದ ತನ್ನ ಸಂತೋಷವನ್ನು ಕೊಳ್ಳುತ್ತಾನೆ. ಎರಡರಲ್ಲಿಯೂ ಹಲ್ಲು ಕಾಣುತ್ತದೆ, ಅಷ್ಟೇ ಸಾಮ್ಯ.

ಎಲ್ಲಮ್ಮ, ಹುಲಿಗೆಮ್ಮರ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿಯನ್ನು ವಚನಧರ್ಮವು ಒಪ್ಪುವುದೆ ಎಂಬ ಪ್ರಶ್ನೆ ಉಳಿಯಿತು. ಒಪ್ಪುವುದಿಲ್ಲ, ಅದರಲ್ಲಿ ಮುಚ್ಚುಮರೆ ಬೇಡ. ಶರಣರದು ಏಕದೇವನಿಷ್ಠೆ. ಎಳೆಯ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ದುಷ್ಟ ರೂಢಿಯನ್ನು 1982ರ ಕರ್ನಾಟಕದ ದೇವದಾಸಿ ನಿಷೇಧ ಕಾಯಿದೆಯು ಅಪರಾಧವೆಂದು ಸಾರಿತು. ಅದು ಸರಿಯಾದ ಕಾನೂನು. ಆದರೆ ಜೋಗಪ್ಪಗಳು ಆ ಗುಡಿಗೆ ಹೋದದ್ದೇಕೆಂದು ವಿಚಾರಿಸದೆ ಗುಡಿಯನ್ನು ಮಾತ್ರ ದೂಷಿಸುವುದು ಅರ್ಧ ನ್ಯಾಯ. ತಂದೆಯ ಮನೆ ಹೊರಗೆ ಹಾಕಿತು, ಶಾಲೆಯಲ್ಲಿ ನಕ್ಕರು, ಕೂಲಿಗೆ ಯಾರೂ ಕರೆಯಲಿಲ್ಲ. ನಿನ್ನ ಸೀರೆಯೂ ಬಳೆಯೂ ನನಗೆ ಪ್ರಿಯ, ಇಲ್ಲಿ ಇರು ಎಂದದ್ದು ಒಬ್ಬ ಗ್ರಾಮದೇವತೆ. ಸಕಲ ಜೀವರಿಗೂ ಲೇಸನ್ನು ಬಯಸುವವರ ಮನೆಗಳು ಬಾಗಿಲು ಹಾಕಿಕೊಂಡಿದ್ದಾಗ ತೆರೆದಿದ್ದುದು ಆ ಗುಡಿಯ ಬಾಗಿಲು. ಭಿಕ್ಷೆಯ ವಿಷಯದಲ್ಲಿಯೂ ಹೀಗೆಯೇ. ಕಾಯಕವಿಲ್ಲದೆ ಬೇಡಿ ತಿನ್ನುತ್ತಾರೆಂದು ಆಕ್ಷೇಪಿಸುವ ಗೃಹಸ್ಥನು ತನ್ನ ಅಂಗಡಿಯಲ್ಲಿ, ತನ್ನ ಹೊಲದಲ್ಲಿ ಅಂಥವರೊಬ್ಬರಿಗೆ ಕೆಲಸ ಕೊಟ್ಟಿದ್ದಾನೆಯೆ? ಮಂಜಮ್ಮನವರಿಗೆ ಕುಣಿತವು ದೊರೆತೊಡನೆ ಅದನ್ನು ಕಾಯಕವಾಗಿಯೇ ಹಿಡಿದರು, ಬೇರೆ ಜೋಗತಿಯರಿಗೂ ಮೇಳದಲ್ಲಿ ಅನ್ನದ ದಾರಿ ಮಾಡಿದರು.

ರಾಜ್ಯದ ಕಾನೂನುಗಳು ಈ ವಿಷಯದಲ್ಲಿ ಬಹುದೂರ ನಡೆದುಬಂದಿವೆ. 1871ರಲ್ಲಿ ಆಂಗ್ಲ ಸರ್ಕಾರವು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಒಂದು ಭಾಗವು ಉತ್ತರ ಹಿಂದೂಸ್ಥಾನದಲ್ಲಿ ಹಿಜಡಾಗಳ ಹೆಸರುಗಳನ್ನು ಪಟ್ಟಿ ಮಾಡಿ, ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದರೆ, ವಾದ್ಯ ನುಡಿಸಿದರೆ ಶಿಕ್ಷೆ ವಿಧಿಸಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಇವರನ್ನು ಮೂರನೆಯ ಲಿಂಗದವರೆಂದು ಮಾನ್ಯಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ನೌಕರಿಗಳಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಸೀರೆಯುಟ್ಟು ಕುಣಿಯುವುದನ್ನು ಅಪರಾಧವೆಂದ ಕಾಯಿದೆಗೆ ಸರಿಯಾಗಿ ನೂರೈವತ್ತು ವರ್ಷ ತುಂಬಿದ ವರುಷದಲ್ಲಿಯೇ, ಸೀರೆಯುಟ್ಟು ಕುಣಿದುದಕ್ಕಾಗಿ ಒಬ್ಬರು ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತಿದರು.

ಅದು 2021ರ ನವೆಂಬರ್ 9. ಪ್ರಶಸ್ತಿಯನ್ನು ಸ್ವೀಕರಿಸುವ ಮೊದಲು ಮಂಜಮ್ಮನವರು ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ನಿಂತು, ಸೀರೆಯ ಸೆರಗನ್ನು ಹಿಡಿದು, ಜೋಗತಿಯರು ಮನೆಬಾಗಿಲಲ್ಲಿ ಮಕ್ಕಳಿಗೆ ಮಾಡುವಂತೆ ದೃಷ್ಟಿ ತೆಗೆದರು. ಸಭೆ ಚಪ್ಪಾಳೆ ತಟ್ಟಿತು. ದಿಲ್ಲಿಯ ದರ್ಬಾರಿನ ಶಿಷ್ಟಾಚಾರದಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಆದರೂ ಯಾರೂ ತಡೆಯಲಿಲ್ಲ. ಜೀವನವಿಡೀ ಇತರರ ಕೆಟ್ಟ ದೃಷ್ಟಿಗೆ ಈಡಾದವರು ದೇಶದ ಪ್ರಥಮ ಪ್ರಜೆಯ ದೃಷ್ಟಿ ತೆಗೆದು ಹರಸಿದರು. ಅಂದು ಅವರು ಯಾವ ಪಾತ್ರವನ್ನೂ ಮಾಡುತ್ತಿರಲಿಲ್ಲ.

ಆದರೆ ದಿಲ್ಲಿಯ ಚಪ್ಪಾಳೆಯಿಂದ ಹಳ್ಳಿಯ ಮನೆಯೊಳಗಿನ ಪ್ರಶ್ನೆ ಮುಗಿಯುವುದಿಲ್ಲ. ಪ್ರಶಸ್ತಿ ಬಂದವರನ್ನು ಹಾರ ಹಾಕಿ ಕರೆಯುವುದು ಸುಲಭ. ತನ್ನದೇ ಮಗ ಅಕ್ಕನ ಬಳೆಯನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ತಂದೆಯ ಕೈ ಎಲ್ಲಿಗೆ ಹೋಗುತ್ತದೆ ಎಂಬುದೇ ಕಠಿಣ. ಅಂಥ ಮಕ್ಕಳು ಮುದಗಲ್ಲಿನಲ್ಲಿಯೂ ಹುಟ್ಟುತ್ತಾರೆ, ಮಸ್ಕಿಯಲ್ಲಿಯೂ ಹುಟ್ಟುತ್ತಾರೆ, ಲಿಂಗವಂತರ ಮನೆಗಳಲ್ಲಿಯೂ ಹುಟ್ಟುತ್ತಾರೆ. ವೀರಶೈವರಲ್ಲಿ ಶಿಶುವಿಗೆ ಲಿಂಗಧಾರಣವಾಗುವಾಗ ಗಂಡಿಗೊಂದು ಬಗೆಯ ಲಿಂಗ, ಹೆಣ್ಣಿಗೊಂದು ಬಗೆಯ ಲಿಂಗವೆಂಬುದಿಲ್ಲ. ಕೊರಳಿಗೆ ಕಟ್ಟಿದ ಶಿವದಾರವು ಅಂಗಿಯ ಕೆಳಗೂ ಅದೇ, ಕುಪ್ಪಸದ ಕೆಳಗೂ ಅದೇ. ಉಡದಾರ ಹರಿದುದಕ್ಕೆ ಕಲ್ಲುಕಂಬದ ತಾಯಿ ಅತ್ತರು. ಶಿವದಾರವನ್ನು ಹರಿಯುವ ಅಧಿಕಾರ ಯಾವ ತಂದೆಗೂ ಯಾವ ಊರಿನ ಹಿರಿಯರಿಗೂ ಇಲ್ಲ.

ಮಗುವಿನ ನಡೆಯನ್ನು ಕಂಡು ಗಾಬರಿಗೊಂಡ ತಂದೆತಾಯಿಗಳು ಗಾಳಿ ಸೋಕಿತೋ, ಗ್ರಹ ಹಿಡಿಯಿತೋ ಎಂದು ಗದ್ದುಗೆಗೆ ಬಂದು ಚೀಟಿ, ಯಂತ್ರ ಕೇಳುವುದುಂಟು. ಅವರ ಹಣೆಗೂ ಮಗುವಿನ ಹಣೆಗೂ ವಿಭೂತಿ ಹಚ್ಚಲಿ. ಇದು ರೋಗವಲ್ಲ, ಹೊಡೆಯಬೇಡಿರಿ, ಪೂಜಾರಿಯಿಂದ ಪೂಜಾರಿಗೆ ಅಲೆಯಬೇಡಿರಿ, ನಾಳೆ ಎಂದಿನಂತೆ ಶಾಲೆಗೆ ಕಳುಹಿಸಿರಿ ಎಂದು ಹೇಳಿ, ಪ್ರಸಾದ ಮಾಡಿಸಿ, ಮಗುವನ್ನು ಅವರ ಸಂಗಡವೇ ಮನೆಗೆ ಕಳುಹಿಸಿಕೊಡಲಿ.